ಗಿಟಾರ್ ನುಡಿಸಲು ಬಾರದ ಲೆಕ್ಕಿಗ ಕಟ್ಟಿದ ಪ್ರತಿಧ್ವನಿಯ ಪೆಟ್ಟಿಗೆ

ಜಾತ್ರೆಯ ರಸಮಂಜರಿ ಇರಲಿ, ಊರ ಹೊರಗಿನ ಬಯಲಲ್ಲಿ ಕಂಪನಿ ನಾಟಕ ಇರಲಿ, ವೇದಿಕೆ ಏರಿದ ಗಾಯಕ ಮೈಕ್‌ಸೆಟ್ಟಿನವನನ್ನು ಮೊದಲು ಕೇಳುವುದು ಎಕೋ. ಸನವಳ್ಳಿಯಂಥ ಹಳ್ಳಿಯಲ್ಲಿಯೂ ಈ ಪದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ ಒಂದು ಗುಂಡಿಯನ್ನು ತುಸು ತಿರುಗಿಸಿದರೆ ಸಾಧಾರಣ ಕಂಠಕ್ಕೂ ಗರ್ಭಗುಡಿಯ ಗಾಂಭೀರ್ಯ ಬಂದುಬಿಡುತ್ತದೆ. ಗಿಟಾರ್ ವಾದಕನ ಕಾಲ ಬಳಿಯೂ ಅಂಥದ್ದೇ ಪುಟ್ಟ ಪೆಟ್ಟಿಗೆ ಇರುತ್ತದೆ. ಇಂದು ಉಗುರಿನಗಲದ ಚಿಪ್ ಮಾಡುವ ಈ ಕೆಲಸವನ್ನು ಆರು ದಶಕಗಳ ಹಿಂದೆ ಕಾಂತೀಯ ಟೇಪ್ ಮತ್ತು ಉಕ್ಕಿನ ಸ್ಪ್ರಿಂಗ್ ಮಾಡುತ್ತಿದ್ದವು. ಗಿಟಾರಿಗೆ ಸ್ಪ್ರಿಂಗಿನ ಪೆಟ್ಟಿಗೆಯನ್ನು ಜೋಡಿಸಿ, ಕಡಲ ತೀರದ ಸಂಗೀತವೊಂದಕ್ಕೆ ಅದರ ದನಿಯನ್ನು ಒದಗಿಸಿದ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಮೂಲತಃ ಲೆಕ್ಕಪತ್ರ ಬರೆಯುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಕೊನೆಯವರೆಗೂ ಅದನ್ನು ಕಲಿಯುವ ಗೋಜಿಗೆ ಅವರು ಹೋಗಲೂ ಇಲ್ಲ.

ಕಿತ್ತಳೆ ತೋಟದಿಂದ ರೇಡಿಯೊ ಅಂಗಡಿಗೆ

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಜನಿಸಿದ್ದು 1909ರ ಆಗಸ್ಟ್ 10ರಂದು. ಅನಾಹೈಮ್ ಮತ್ತು ಫುಲ್ಲರ್ಟನ್ ಪಟ್ಟಣಗಳ ನಡುವೆ ತಂದೆ ತಾಯಿಗೆ ಕಿತ್ತಳೆ ತೋಟವಿತ್ತು. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯ ಕಾರಣದಿಂದ ಬಾಲಕನ ಎಡಗಣ್ಣನ್ನು ತೆಗೆಯಬೇಕಾಯಿತು. ಆ ಜಾಗದಲ್ಲಿ ಗಾಜಿನ ಕಣ್ಣು ಕೂತಿತು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಕರೆಯಿಂದ ವಿನಾಯಿತಿ ದೊರೆತದ್ದು ಇದೇ ಕಣ್ಣಿನಿಂದ.

ಸಾಂತಾ ಮರಿಯಾ ಎಂಬ ಊರಿನಲ್ಲಿ ಸೋದರಮಾವನೊಬ್ಬ ವಾಹನಗಳ ವಿದ್ಯುತ್ ಉಪಕರಣಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಬಿಡಿಭಾಗಗಳನ್ನು ಜೋಡಿಸಿ ಆತನೇ ಕಟ್ಟಿದ್ದ ರೇಡಿಯೊ ಅಂಗಡಿಯಲ್ಲಿ ದೊಡ್ಡ ದನಿಯಲ್ಲಿ ಹಾಡುತ್ತಿತ್ತು. ಹದಿಹರೆಯದ ಲಿಯೊ ಮೇಲೆ ಅದು ಮಾಡಿದ ಪರಿಣಾಮ ಜೀವನಪೂರ್ತಿ ಉಳಿಯಿತು. ಶಾಲೆಯ ದಿನಗಳಲ್ಲಿಯೇ ಮನೆಯಲ್ಲಿ ಸಣ್ಣ ಮೂಲೆಯೊಂದನ್ನು ಮಾಡಿಕೊಂಡು ನೆರೆಹೊರೆಯವರ ರೇಡಿಯೊಗಳನ್ನು ದುರಸ್ತಿ ಮಾಡತೊಡಗಿದರು. ಆದರೆ ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರ. ಮಂಜುಗಡ್ಡೆ ಕಂಪನಿಯೊಂದರಲ್ಲಿ, ಆಮೇಲೆ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕ ಬರೆದರು. 1934ರಲ್ಲಿ ಎಸ್ತರ್ ಕ್ಲೋಸ್ಕಿ ಅವರನ್ನು ವಿವಾಹವಾದರು. ಆರ್ಥಿಕ ಮುಗ್ಗಟ್ಟಿನ ವರ್ಷಗಳವು. ಸರ್ಕಾರಿ ಕೆಲಸ ಹೋಯಿತು. ಟೈರ್ ಕಂಪನಿಯಲ್ಲಿ ಸಿಕ್ಕ ಕೆಲಸವೂ ಉಳಿಯಲಿಲ್ಲ. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್‌ಗೆ ಮರಳಿ, ಫೆಂಡರ್ ರೇಡಿಯೊ ಸರ್ವಿಸ್ ಎಂಬ ಅಂಗಡಿ ತೆರೆದರು.

ಈ ಅಂಗಡಿಗೂ ನಮ್ಮ ತಾಲ್ಲೂಕು ಕೇಂದ್ರಗಳ ಮೈಕ್‌ಸೆಟ್ ಅಂಗಡಿಗೂ ಹೆಚ್ಚಿನ ಅಂತರವಿರಲಿಲ್ಲ. ಅಂಗಡಿ ತೆರೆಯುವ ಮೊದಲೇ ನೃತ್ಯಕೂಟಗಳಿಗೆಂದು ವಾದ್ಯತಂಡದವರೊಬ್ಬರು ಆರು ಧ್ವನಿವರ್ಧಕಗಳನ್ನು ಲಿಯೊ ಅವರಿಂದ ಮಾಡಿಸಿಕೊಂಡಿದ್ದರು. ಅಂಗಡಿ ಶುರುವಾದ ಮೇಲೆ ಸಂಗೀತಗಾರರು ಕೈಕೊಟ್ಟ ಆಂಪ್ಲಿಫೈಯರ್‌ಗಳನ್ನು ಹೊತ್ತು ತಂದರು. ಅವನ್ನು ಬಿಚ್ಚಿ ನೋಡಿದಾಗಲೆಲ್ಲ ಯಾವ ಭಾಗ ಮೊದಲು ಸುಡುತ್ತದೆ, ಯಾವ ಬೆಸುಗೆ ಮೊದಲು ಬಿಡುತ್ತದೆ ಎಂಬುದು ಲಿಯೊ ಅವರಿಗೆ ಕಾಣುತ್ತಿತ್ತು. ಇತರ ತಯಾರಕರು ವಾದ್ಯವನ್ನು ಮಾರಾಟದ ಕಡೆಯಿಂದ ನೋಡಿದರೆ, ಇವರು ಅದು ಕೆಟ್ಟುಹೋಗಿ ಮೇಜಿನ ಮೇಲೆ ಬಿದ್ದ ಸ್ಥಿತಿಯಿಂದ ನೋಡಿದರು. ಮುಂದಿನ ಎಲ್ಲ ಆವಿಷ್ಕಾರಗಳಿಗೂ ಮೂಲ ಇದೇ ನೋಟ.

ಡಾಕ್ ಕಾಫ್‌ಮನ್ ಎಂಬ ಗೆಳೆಯನ ಜೊತೆ ಸೇರಿ 1945ರಲ್ಲಿ ಹವಾಯಿಯನ್ ಗಿಟಾರ್ ಮತ್ತು ಅದರ ಆಂಪ್ಲಿಫೈಯರ್ ತಯಾರಿಸತೊಡಗಿದರು. ತೊಡೆಯ ಮೇಲಿಟ್ಟು ಉಕ್ಕಿನ ತುಂಡು ಜಾರಿಸಿ ನುಡಿಸುವ ಇದೇ ಹವಾಯಿಯನ್ ಗಿಟಾರ್ ಭಾರತಕ್ಕೂ ಬಂದು, ಬ್ರಿಜ್‌ಭೂಷಣ್ ಕಾಬ್ರಾ ಅವರಂಥವರ ಕೈಯಲ್ಲಿ ಹಿಂದೂಸ್ತಾನಿ ವಾದ್ಯವಾಯಿತು. ಉದ್ಯಮ ಬೆಳೆಸುವ ಸಾಹಸಕ್ಕೆ ಅಂಜಿ ಕಾಫ್‌ಮನ್ 1946ರಲ್ಲಿ ಹೊರನಡೆದರು. ಲಿಯೊ ಒಬ್ಬರೇ ಮುಂದುವರಿದರು.

ತಿರುಪು ಬಿಚ್ಚಿದರೆ ಗಿಟಾರ್

ಅಂದಿನ ಗಿಟಾರ್‌ಗಳು ಟೊಳ್ಳು ಹೊಟ್ಟೆಯವು. ಆಂಪ್ಲಿಫೈಯರ್ ದನಿ ಏರಿಸಿದರೆ ಆ ಹೊಟ್ಟೆಯೂ ಕಂಪಿಸಿ ಊಳಿಡುತ್ತಿತ್ತು. ಲಿಯೊ ಹೊಟ್ಟೆಯನ್ನೇ ತೆಗೆದುಹಾಕಿದರು. ಘನವಾದ ಮರದ ಹಲಗೆ, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಕುತ್ತಿಗೆ. ಕುತ್ತಿಗೆ ಬಾಗಿದರೆ ಬಿಚ್ಚಿ ಬೇರೆ ಹಾಕಬಹುದು. ವಾದ್ಯ ಕುಶಲಿಗಳು ಇದನ್ನು ಕಂಡು ನಕ್ಕರು. ಅವರ ದೃಷ್ಟಿಯಲ್ಲಿ ಅದು ಬಡಗಿಯ ಕೆಲಸ. 1950ರಲ್ಲಿ ಮಾರುಕಟ್ಟೆಗೆ ಬಂದ ಈ ಗಿಟಾರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಡಲಾಗಿತ್ತು. ಅದೇ ಉಚ್ಚಾರದ ಹೆಸರಿನಲ್ಲಿ ಡ್ರಮ್ ಮಾರುತ್ತಿದ್ದ ಗ್ರೆಚ್ ಕಂಪನಿ ಆಕ್ಷೇಪಿಸಿತು. ಲಿಯೊ ಜಗಳಕ್ಕೆ ಹೋಗಲಿಲ್ಲ. ಅಂಟಿಸುವ ಚೀಟಿಗಳಿಂದ ಆ ಪದವನ್ನಷ್ಟೇ ಕತ್ತರಿಸಿ ತೆಗೆದು ಕೆಲ ತಿಂಗಳು ಮಾರಾಟ ಮುಂದುವರಿಸಿದರು. ಫೆಂಡರ್ ಎಂಬ ಮನೆತನದ ಹೆಸರು ಮಾತ್ರ ಉಳಿದ ಆ ಗಿಟಾರ್‌ಗಳಿಗೆ ಇಂದು ಸಂಗ್ರಾಹಕರು ದೊಡ್ಡ ಮೊತ್ತ ತೆರುತ್ತಾರೆ! 1951ರಲ್ಲಿ ಅದಕ್ಕೆ ಟೆಲಿಕ್ಯಾಸ್ಟರ್ ಎಂಬ ಹೊಸ ಹೆಸರು ಬಂತು. ಅದೇ ವರ್ಷ ಪ್ರಿಸಿಷನ್ ಬೇಸ್ ಬಂದು, ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟದಿಂದ ವಾದಕರನ್ನು ಪಾರು ಮಾಡಿತು.

1954ರ ಸ್ಟ್ರಾಟೊಕ್ಯಾಸ್ಟರ್ ಲಿಯೊ ಅವರ ಕೀರ್ತಿಶಿಖರ. ಟೆಲಿಕ್ಯಾಸ್ಟರ್‌ನ ಚೂಪು ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ಬಿಲ್ ಕಾರ್ಸನ್ ಎಂಬ ವಾದಕ ದೂರಿದ್ದರು. ಹೊಸ ಗಿಟಾರಿನ ಅಂಚುಗಳನ್ನು ದೇಹಕ್ಕೆ ಒಪ್ಪುವಂತೆ ತೀಡಲಾಯಿತು. ತಂತಿಗಳ ಬಿಗಿತವನ್ನು ಒಂದು ಸನ್ನೆಯಿಂದ ಸಡಿಲಿಸಿ ಸ್ವರವನ್ನು ಅಲೆಯಂತೆ ಓಲಾಡಿಸುವ ವ್ಯವಸ್ಥೆ ಅದರಲ್ಲಿತ್ತು. ಇದರ ವಿನ್ಯಾಸದಲ್ಲಿ ಜೊತೆಗಿದ್ದ ಫ್ರೆಡ್ಡಿ ತವಾರೆಸ್ ಹವಾಯಿ ದ್ವೀಪದವರು, ಸ್ವತಃ ಸ್ಟೀಲ್ ಗಿಟಾರ್ ವಾದಕರು. ನುಡಿಸಲು ಬಾರದ ಲಿಯೊ, ನುಡಿಸುವವರ ಕಿವಿ ಮತ್ತು ಬೆರಳುಗಳನ್ನು ಎರವಲು ಪಡೆದರು. ತಾವು ಸಂಗೀತಗಾರರಲ್ಲ ಎಂಬ ಅರಿವೇ ಅವರನ್ನು ಒಳ್ಳೆಯ ಕೇಳುಗರನ್ನಾಗಿ ಮಾಡಿತೆನ್ನಬೇಕು. ತಾನೂ ನುಡಿಸಬಲ್ಲ ತಯಾರಕನಾಗಿದ್ದರೆ ತನ್ನ ಅಭಿರುಚಿಯನ್ನೇ ವಾದ್ಯಕ್ಕೆ ಹೇರುತ್ತಿದ್ದನೇನೋ.

ಟೇಪಿನ ದಾರಿ

ಇಷ್ಟರಲ್ಲಿ ಗಿಟಾರಿನ ದನಿಗೆ ಪ್ರತಿಧ್ವನಿ ಬೆರೆಸುವ ಇನ್ನೊಂದು ಕಲೆ ಬೇರೆಡೆ ಬೆಳೆಯುತ್ತಿತ್ತು. ಜರ್ಮನಿಯಲ್ಲಿ ರೂಪುಗೊಂಡ ಟೇಪ್ ಯಂತ್ರ ಮಹಾಯುದ್ಧದ ನಂತರ ಅಮೆರಿಕಕ್ಕೆ ಬಂದಿತು. ಗಿಟಾರ್ ವಾದಕ ಲೆಸ್ ಪಾಲ್ ಅದರಲ್ಲಿ ಪ್ರಯೋಗಗಳನ್ನು ನಡೆಸಿದರು. ಮೆಂಫಿಸ್ ನಗರದ ಸನ್ ಸ್ಟುಡಿಯೊ ತನ್ನ ಗಾಯಕರ ದನಿಯನ್ನು ಟೇಪಿನಿಂದಲೇ ಇಮ್ಮಡಿಗೊಳಿಸಿತು.

ತತ್ತ್ವ ಸರಳ. ಯಂತ್ರದ ಒಂದು ಹೆಡ್ ದನಿಯನ್ನು ಟೇಪಿನ ಮೇಲೆ ಬರೆಯುತ್ತದೆ, ಮುಂದಿನ ಹೆಡ್ ಅದನ್ನು ಓದುತ್ತದೆ. ಟೇಪ್ ಸೆಕೆಂಡಿಗೆ 15 ಅಂಗುಲ ವೇಗದಲ್ಲಿ ಓಡುತ್ತಿದ್ದು, ಎರಡು ಹೆಡ್‌ಗಳ ನಡುವೆ 2 ಅಂಗುಲ ಅಂತರವಿದ್ದರೆ, ನುಡಿಸಿದ ಸ್ವರ ಸುಮಾರು 0.13 ಸೆಕೆಂಡ್ ತಡವಾಗಿ ಮರಳಿ ಕೇಳುತ್ತದೆ. ಇಪ್ಪತ್ತೆರಡು ಮೀಟರ್ ದೂರದ ಬಂಡೆಗೆ ಕೂಗಿದರೆ ಬರುವ ಮಾರ್ದನಿಗೂ ಇಷ್ಟೇ ಹೊತ್ತು. ಮರಳಿ ಬಂದದ್ದನ್ನು ಮತ್ತೆ ಬರೆಯುವ ಹೆಡ್‌ಗೆ ಉಣಿಸಿದರೆ ಮಾರ್ದನಿಗೆ ಮಾರ್ದನಿ ಹುಟ್ಟಿ, ಒಂದಕ್ಕಿಂತ ಒಂದು ಮಸುಕಾಗುತ್ತ ಸಾಗುತ್ತವೆ. ಟೇಪಿನ ಓಟದಲ್ಲಿ ಸಣ್ಣ ತೊದಲು ಇದ್ದೇ ಇರುತ್ತದೆ. ಆ ತೊದಲಿನಿಂದ ಮರಳುವ ಸ್ವರ ಅತಿ ಸೂಕ್ಷ್ಮವಾಗಿ ನಡುಗುತ್ತದೆ. ದೋಷವೆನ್ನಬಹುದಾದ ಈ ನಡುಕವೇ ಕಿವಿಗೆ ಇಂಪು. ಇಂದಿನ ಗಣಕೀಕೃತ ಯಂತ್ರಗಳು ಅದನ್ನು ಕಷ್ಟಪಟ್ಟು ಅನುಕರಿಸುತ್ತವೆ.

1958ರಲ್ಲಿ ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ ಅವರು ಕಾಪಿಕ್ಯಾಟ್ ಎಂಬ ಸಾಗಿಸಬಹುದಾದ ಟೇಪ್ ಎಕೋ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ಅಮೆರಿಕದಲ್ಲಿ ಎಕೋಪ್ಲೆಕ್ಸ್ ಬಂದಿತು. ಇಟಲಿಯ ಮೆಯಾಜ್ಜಿ ಕಂಪನಿಯ ಟೇಪ್ ಎಕೋ, ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ಅವರ ಕೈಸೇರಿತು. ಮಾರ್ವಿನ್ ಬಳಿ ಇದ್ದ ಗಿಟಾರ್ ಯಾವುದು? ಗಾಯಕ ಕ್ಲಿಫ್ ರಿಚರ್ಡ್ ಅಮೆರಿಕದಿಂದ ತರಿಸಿಕೊಟ್ಟಿದ್ದ ಕೆಂಬಣ್ಣದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್! 1960ರಲ್ಲಿ ಹೊರಬಂದ ‘ಅಪಾಚೆ’ ಎಂಬ ವಾದ್ಯಕೃತಿಯಲ್ಲಿ ಲಿಯೊ ಅವರ ಗಿಟಾರ್ ಮತ್ತು ಟೇಪಿನ ಮಾರ್ದನಿ ಒಂದಾದವು. ಮಾತಿಲ್ಲದ, ಬರೀ ಗಿಟಾರಿನ ಹಾಡಿಗೆ ಜಗತ್ತು ಕಿವಿಗೊಡಬಲ್ಲದು ಎಂಬುದು ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಸಿದ್ಧವಾಯಿತು. ಅದೇ ವರ್ಷ ಅಮೆರಿಕದ ವೆಂಚರ್ಸ್ ತಂಡವೂ ಗಿಟಾರ್ ವಾದನದಿಂದಲೇ ಮನೆಮಾತಾಗಿತ್ತು.

ಆದರೆ ಟೇಪಿಗೆ ಬಾಧೆಗಳು ಹಲವು. ಅದು ಸವೆಯುತ್ತದೆ, ತುಂಡಾಗುತ್ತದೆ. ಹೆಡ್‌ಗಳಿಗೆ ಧೂಳು ಕೂರುತ್ತದೆ. ಸ್ಟುಡಿಯೊದಲ್ಲಿ ಹೇಗೋ ನಡೆದೀತು, ಸಾವಿರಾರು ಜನ ಕುಣಿಯುವ ವೇದಿಕೆಯ ಮೇಲೆ ಮಧ್ಯದಲ್ಲಿ ಟೇಪ್ ಕಿತ್ತರೆ ಗತಿಯೇನು? ರಿಪೇರಿ ಅಂಗಡಿಯಿಂದ ಬಂದವರಿಗೆ ಈ ಪ್ರಶ್ನೆಯ ತೂಕ ಹೆಚ್ಚಾಗಿಯೇ ಗೊತ್ತಿರುತ್ತದೆ.

ಬಾಲ್ಬೊವಾದ ನೃತ್ಯಶಾಲೆ

ಫುಲ್ಲರ್ಟನ್‌ನಿಂದ ಸುಮಾರು 35 ಕಿ.ಮೀ. ದೂರದ ಬಾಲ್ಬೊವಾ ಕಡಲ ತೀರದಲ್ಲಿ ರಾಂಡೆವೂ ಎಂಬ ವಿಶಾಲ ನೃತ್ಯಶಾಲೆ ಇತ್ತು. 1961ರಲ್ಲಿ ಅಲ್ಲಿ ಡಿಕ್ ಡೇಲ್ ಎಂಬ ತರುಣನ ಕಾರ್ಯಕ್ರಮಗಳಿಗೆ ಯುವಜನ ಕಿಕ್ಕಿರಿದು ಸೇರತೊಡಗಿದರು. ಡೇಲ್ ಅವರ ತಂದೆಯ ಕಡೆಯವರು ಲೆಬನಾನ್ ಮೂಲದವರು. ಹಗಲಲ್ಲಿ ಹಲಗೆಯ ಮೇಲೆ ನಿಂತು ಅಲೆಗಳನ್ನು ಏರುವ ಸರ್ಫಿಂಗ್, ರಾತ್ರಿ ಗಿಟಾರ್. ಅಲೆಯ ಮೊರೆತವನ್ನು ತಂತಿಯಲ್ಲಿ ಹಿಡಿಯಬೇಕೆಂಬ ಹಟ ಅವರದು. ಎಡಗೈಯವರಾದ ಅವರು ಬಲಗೈಯವರ ಸ್ಟ್ರಾಟೊಕ್ಯಾಸ್ಟರನ್ನು ತಲೆಕೆಳಗಾಗಿಸಿ, ತಂತಿಗಳ ಕ್ರಮವನ್ನೂ ಬದಲಿಸದೆ ನುಡಿಸಿದ್ದರಂತೆ. ಅದನ್ನು ಕಂಡು, ಹೆಚ್ಚು ನಗದ ಲಿಯೊ ಬಿದ್ದು ಬಿದ್ದು ನಕ್ಕರೆಂದು ಡೇಲ್ ಹಲವು ಬಾರಿ ನೆನಪಿಸಿಕೊಂಡಿದ್ದಾರೆ.

ದಪ್ಪ ತಂತಿ, ಬಿರುಸಿನ ಹೊಡೆತ. ಲಿಯೊ ಕೊಟ್ಟ ಆಂಪ್ಲಿಫೈಯರ್‌ಗಳು ಒಂದರ ಹಿಂದೊಂದು ಸುಟ್ಟುಹೋದವು, ಸ್ಪೀಕರ್‌ಗಳ ಹಾಳೆ ಹರಿಯಿತು. ಅಂಗಡಿಯ ಮೇಜಿನ ಮುಂದೆ ಕೂತು ಇದಕ್ಕೆ ಉತ್ತರ ಸಿಗದು ಎಂದರಿತ ಲಿಯೊ, ಸಹೋದ್ಯೋಗಿ ತವಾರೆಸ್ ಜೊತೆ ನೃತ್ಯಶಾಲೆಗೇ ಹೋಗಿ ಗುಂಪಿನ ಮಧ್ಯೆ ನಿಂತು ಕೇಳಿದರೆಂದು ಡೇಲ್ ಹೇಳಿಕೊಂಡಿದ್ದಾರೆ. ಖಾಲಿ ಕೋಣೆಯಲ್ಲಿ ಕಿವಿ ಗಡಚಿಕ್ಕುವ ದನಿಯನ್ನು ಸಾವಿರಾರು ಮೈಗಳು ಹತ್ತಿಯಂತೆ ಹೀರಿಬಿಡುತ್ತಿದ್ದವು. ದೊಡ್ಡ ಟ್ರಾನ್ಸ್‌ಫಾರ್ಮರ್, ಜೆ.ಬಿ.ಎಲ್. ಕಂಪನಿಯ 15 ಅಂಗುಲದ ಗಟ್ಟಿ ಸ್ಪೀಕರ್ ಸೇರಿ ಷೋಮ್ಯಾನ್ ಎಂಬ ಆಂಪ್ಲಿಫೈಯರ್ ಪಕ್ವವಾದದ್ದು ಈ ಪರೀಕ್ಷೆಗಳಲ್ಲಿ.

1961ರಲ್ಲಿಯೇ ಬಂದದ್ದು ಫೆಂಡರ್ ರಿವರ್ಬ್. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಇಡುವ ಬೇರೆಯದೇ ಮರದ ಪೆಟ್ಟಿಗೆ ಅದು. ಒಳಗೆ ವಾಲ್ವುಗಳು, ಮತ್ತು ತಗಡಿನ ತಟ್ಟೆಯಲ್ಲಿ ತೂಗುಬಿಟ್ಟ ಸ್ಪ್ರಿಂಗುಗಳು. ವಿದ್ಯುತ್ ಸಂಕೇತ ಸ್ಪ್ರಿಂಗಿನ ಒಂದು ತುದಿಯನ್ನು ಅಲುಗಿಸುತ್ತದೆ, ಅಲುಗಾಟ ಸುರುಳಿಗಳಲ್ಲಿ ಓಡಿ ಇನ್ನೊಂದು ತುದಿ ಮುಟ್ಟುತ್ತದೆ, ಹೊಡೆದು ಹಿಂದಿರುಗುತ್ತದೆ, ಮತ್ತೆ ಬರುತ್ತದೆ. ಟೇಪ್ ಕೊಡುವುದು ಬಿಡಿ ಬಿಡಿಯಾದ ಪ್ರತಿಧ್ವನಿ, ಎದುರಿನ ಗುಡ್ಡ ಮರುನುಡಿದಂತೆ. ಸ್ಪ್ರಿಂಗ್ ಕೊಡುವುದು ಅನುರಣನ, ಆಳದ ಬಾವಿಯೊಳಗೆ ಮಾತನಾಡಿದಂತೆ. ಈ ಸ್ಪ್ರಿಂಗುಗಳ ಪೂರ್ವಚರಿತ್ರೆಯೂ ಸ್ವಾರಸ್ಯಕರ. ದೂರದ ಟ್ರಂಕ್ ಕರೆಗಳಲ್ಲಿ ದನಿ ತಡವಾಗುವುದನ್ನು ಪ್ರಯೋಗಾಲಯದಲ್ಲಿ ಅನುಕರಿಸಲು ಬೆಲ್ ಸಂಸ್ಥೆಯ ತಂತ್ರಜ್ಞರು ಇಂಥವನ್ನು ಬಳಸಿದ್ದರು. ಹ್ಯಾಮಂಡ್ ಕಂಪನಿ ಅದನ್ನು ತನ್ನ ಆರ್ಗನ್ ವಾದ್ಯಕ್ಕೆ ತಂದಿತು. ಲಿಯೊ ಹ್ಯಾಮಂಡ್‌ನಿಂದ ಆ ಸ್ಪ್ರಿಂಗುಗಳನ್ನು ಪಡೆದರು. ಅಂದರೆ ಪ್ರತಿಧ್ವನಿಯನ್ನು ಅವರು ಕಂಡುಹಿಡಿಯಲಿಲ್ಲ. ಸವೆಯುವ ಟೇಪಿಲ್ಲದ, ತಿರುಗುವ ಮೋಟಾರಿಲ್ಲದ, ಬಿಚ್ಚಿ ಸರಿಪಡಿಸಬಹುದಾದ ರೂಪವನ್ನು ಅದಕ್ಕೆ ಕೊಟ್ಟರು. ಮೊದಲಿಗೆ ಅದು ಡೇಲ್ ಅವರ ಕಂಠಕ್ಕೆಂದು ಬೇಕಾಗಿತ್ತು ಎಂಬುದು ಡೇಲ್ ಅವರದೇ ವಿವರಣೆ. ಹಾಡುವ ದನಿಗೆಂದು ಬಯಸಿದ್ದು ತಂತಿಯ ದನಿಗೆ ಒದಗಿತು.

ಆ ಪೆಟ್ಟಿಗೆ ಇಟ್ಟುಕೊಂಡು ಅಂಗೈಯಿಂದ ತಂತಿಯನ್ನು ಅರೆ ಅದುಮಿ ಮೀಟಿದರೆ ನೀರಹನಿ ತೊಟ್ಟಿಕ್ಕಿದಂಥ ಸದ್ದು ಬರುತ್ತದೆ. ಕಡಲ ಸಂಗೀತಕ್ಕೆ ಇದಕ್ಕಿಂತ ಹೊಂದುವ ಸದ್ದು ಯಾವುದಿದ್ದೀತು? ಸಾಂತಾ ಆನಾದ ಶಾಲಾ ಹುಡುಗರ ತಂಡ ಶಾಂಟೇಸ್ ನುಡಿಸಿದ ‘ಪೈಪ್‌ಲೈನ್’ 1963ರಲ್ಲಿ ಅಮೆರಿಕದ ಜನಪ್ರಿಯತಾ ಪಟ್ಟಿಯ ನಾಲ್ಕನೆಯ ಸ್ಥಾನಕ್ಕೇರಿತು. ಇಂದಿಗೂ ಈ ಶೈಲಿ ನುಡಿಸುವ ತಂಡಗಳು ಸ್ಪ್ರಿಂಗಿನ ತೇವದ ಮೇಲೆ ಟೇಪ್ ಎಕೋದ ಮಾರ್ದನಿಯನ್ನು ಹೊದಿಸುವುದುಂಟು. ಲಿಯೊ ಗಂಭೀರ ಜಾಜ್ ವಾದಕರಿಗೆಂದೇ 1958ರಲ್ಲಿ ತಯಾರಿಸಿದ ಜಾಜ್‌ಮಾಸ್ಟರ್ ಗಿಟಾರನ್ನು ಜಾಜ್‌ನವರು ಮೂಸಿಯೂ ನೋಡದೆ ಬಿಟ್ಟಾಗ, ಅದನ್ನು ಎತ್ತಿಕೊಂಡವರು ಈ ಕಡಲ ತೀರದ ಹುಡುಗರೇ.

ಡೇಲ್ 1962ರಲ್ಲಿ ಧ್ವನಿಮುದ್ರಿಸಿದ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ತೀರದ ಹಳೆಯ ಧಾಟಿ. ಅದನ್ನು ಒಂದೇ ತಂತಿಯ ಮೇಲೆ ಮಿಂಚಿನ ವೇಗದಲ್ಲಿ ನುಡಿಸಲಾಗಿದೆ. ಅದರ ಸ್ವರಮೇಳ ನಮ್ಮ ಕರ್ನಾಟಕ ಸಂಗೀತದ ಮಾಯಾಮಾಳವಗೌಳದ್ದೇ, ಹುಬ್ಬಳ್ಳಿ-ಧಾರವಾಡದ ಕಡೆಯವರು ಹೇಳುವಂತೆ ಭೈರವ ಥಾಟಿನದ್ದೇ. ಪುರಂದರದಾಸರು ಬಾಲಪಾಠಕ್ಕೆಂದು ಆರಿಸಿದರು ಎಂದು ನಂಬಲಾಗಿರುವ ಸ್ವರಗಳು ಕ್ಯಾಲಿಫೋರ್ನಿಯಾದ ನೃತ್ಯಶಾಲೆಯಲ್ಲಿ ಮೊಳಗಿದ್ದು ಕನ್ನಡದ ಕಿವಿಗೆ ಕುತೂಹಲದ ಸಂಗತಿ. ನಮ್ಮ ಚಿತ್ರಗೀತೆಗಳ ಬಹುಪಾಲು ಮುದ್ರಣ ಮದರಾಸಿನಲ್ಲಿ ನಡೆಯುತ್ತಿದ್ದ ಕಾಲವದು. ವಿದ್ಯುತ್ ಗಿಟಾರ್ ಅಲ್ಲಿಗೂ ತಲುಪಿತು. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂತ ತರುಣ ಇಳಯರಾಜ ಮುಂದೆ ಏನಾದರೆಂಬುದು ಎಲ್ಲರಿಗೂ ತಿಳಿದದ್ದೇ.

ಹೆಸರು ಮಾರಿದ ಮೇಲೆ

ಯಶಸ್ಸಿನ ಈ ವರ್ಷಗಳಲ್ಲಿಯೇ ಲಿಯೊ ಅವರ ದೇಹ ಸೋಲುತ್ತಿತ್ತು. ಮೂಗಿನ ಒಳಗಾಲುವೆಗಳ ಸೋಂಕೊಂದು ವರ್ಷಗಟ್ಟಲೆ ಕಾಡಿ ಅವರನ್ನು ಹಣ್ಣು ಮಾಡಿತು. ಜಗತ್ತಿನ ಯಂತ್ರಗಳನ್ನೆಲ್ಲ ಸರಿಪಡಿಸಿದ ಮನುಷ್ಯನಿಗೆ ತನ್ನ ರೋಗಕ್ಕೆ ಪರಿಹಾರ ಸಿಗಲಿಲ್ಲ. ತಮ್ಮ ದಿನಗಳು ಮುಗಿದವೆಂದೇ ಅವರು ಭಾವಿಸಿದರು. ಮಾರಾಟ ವಿಭಾಗ ನೋಡಿಕೊಳ್ಳುತ್ತಿದ್ದ ಡಾನ್ ರ‍್ಯಾಂಡಲ್ ಮಾತುಕತೆ ನಡೆಸಿ, 1965ರ ಜನವರಿಯಲ್ಲಿ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ 1.3 ಕೋಟಿ ಡಾಲರ್‌ಗೆ ಮಾರಿದರು. ಹಿಂದಿನ ವರ್ಷ ಅದೇ ಸಂಸ್ಥೆ ನ್ಯೂಯಾರ್ಕ್‌ನ ಪ್ರಸಿದ್ಧ ಯಾಂಕೀಸ್ ಬೇಸ್‌ಬಾಲ್ ತಂಡದ ಸಿಂಹಪಾಲನ್ನು ಕೊಳ್ಳಲು ತೆತ್ತಿದ್ದಕ್ಕಿಂತ ಇದು ಹೆಚ್ಚಿನ ಮೊತ್ತ. ಅಷ್ಟರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದು ಸರ್ಫ್ ಸಂಗೀತದ ಭರಾಟೆಯೂ ಇಳಿದಿತ್ತು.

1968ರ ಹೊತ್ತಿಗೆ ಬೇರೆ ವೈದ್ಯರ ಚಿಕಿತ್ಸೆಯಲ್ಲಿ ಆ ಸೋಂಕು ಪೂರ್ತಿ ವಾಸಿಯಾಯಿತು. ಮೂರು ವರ್ಷ ಮೊದಲು ಗುಣವಾಗಿದ್ದರೆ ಕಂಪನಿ ಕೈಬಿಡುತ್ತಿರಲಿಲ್ಲವೇನೋ. ಈಗ ಆರೋಗ್ಯ ಮರಳಿತ್ತು, ಕೈಗೆ ಕೆಲಸವಿತ್ತು, ತಲೆಯಲ್ಲಿ ವಿನ್ಯಾಸಗಳಿದ್ದವು. ಹೆಸರು ಮಾತ್ರ ಇರಲಿಲ್ಲ. ಪೈಪೋಟಿ ಮಾಡುವಂತಿಲ್ಲ ಎಂಬ ಹತ್ತು ವರ್ಷಗಳ ಕರಾರು ಬೇರೆ. ಅದೇ ಅವಧಿಯಲ್ಲಿ, 1969ರ ವುಡ್‌ಸ್ಟಾಕ್ ಮೇಳದಲ್ಲಿ ಜಿಮಿ ಹೆಂಡ್ರಿಕ್ಸ್ ಸ್ಟ್ರಾಟೊಕ್ಯಾಸ್ಟರ್ ನುಡಿಸಿ ಚರಿತ್ರೆ ಬರೆದಾಗ, ಗಿಟಾರಿನ ತಲೆಯ ಮೇಲಿದ್ದ ಫೆಂಡರ್ ಎಂಬ ಅಕ್ಷರಗಳಿಗೆ ಫೆಂಡರ್ ಅವರೇ ಒಡೆಯರಾಗಿರಲಿಲ್ಲ.

ಕರಾರು ಮುಗಿದೊಡನೆ 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. ಅಲ್ಲಿ ರೂಪಿಸಿದ ಸ್ಟಿಂಗ್‌ರೇ ಬೇಸ್ ಗಿಟಾರ್ ಇಂದಿಗೂ ವಾದಕರ ಮೆಚ್ಚಿನದು. 1979ರಲ್ಲಿ ಎಸ್ತರ್ ತೀರಿಕೊಂಡರು. ಮರುವರ್ಷ ಫಿಲ್ಲಿಸ್ ಅವರೊಡನೆ ಎರಡನೆಯ ವಿವಾಹವಾಯಿತು. ಅದೇ ಹೊತ್ತಿಗೆ, 1948ರಿಂದ ಜೊತೆಗಿದ್ದ ಜಾರ್ಜ್ ಫುಲ್ಲರ್ಟನ್ ಅವರೊಂದಿಗೆ ಜಿ ಅಂಡ್ ಎಲ್ ಕಂಪನಿ ಆರಂಭಿಸಿದರು. ಅಕ್ಷರಗಳು ಜಾರ್ಜ್ ಮತ್ತು ಲಿಯೊ ಹೆಸರುಗಳದ್ದು. ಮನೆತನದ ಹೆಸರು ಹಾಕುವಂತಿರಲಿಲ್ಲವಾದ್ದರಿಂದ ಮೊದಲಕ್ಷರವೇ ಗತಿ! ಕಾರ್ಖಾನೆ ಇದ್ದ ಬೀದಿಗೆ ಮಾತ್ರ ಫೆಂಡರ್ ಅವೆನ್ಯೂ ಎಂದೇ ಹೆಸರು.

ಮುಪ್ಪಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರ ಕೈಗಳನ್ನು ನಡುಗಿಸಿತು. ಆದರೂ ಕೊನೆಯ ದಿನಗಳವರೆಗೆ ಕಾರ್ಖಾನೆಗೆ ಹೋಗಿ ತಮ್ಮ ಮೇಜಿನ ಮುಂದೆ ಕೂರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು, 81ನೆಯ ವಯಸ್ಸಿನಲ್ಲಿ, ಫುಲ್ಲರ್ಟನ್‌ನಲ್ಲಿ ನಿಧನರಾದರು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಮರಣೋತ್ತರವಾಗಿ ಸಂದಿತು.

1994ರಲ್ಲಿ ‘ಪಲ್ಪ್ ಫಿಕ್ಷನ್’ ಚಲನಚಿತ್ರದ ಆರಂಭಕ್ಕೆ ಡೇಲ್ ಅವರ ‘ಮಿಸಿರ್ಲೂ’ ಬಳಕೆಯಾಗಿ, ಆ ಧಾಟಿಯನ್ನು ಎಂದೂ ಕೇಳಿರದ ಪೀಳಿಗೆಯೊಂದು ಸರ್ಫ್ ಗಿಟಾರಿನತ್ತ ತಿರುಗಿತು. ಫೆಂಡರ್ ಹೆಸರಿನ ಕಂಪನಿಯು ಸಿ.ಬಿ.ಎಸ್. ಕೈಯಿಂದ 1985ರಲ್ಲಿಯೇ ತನ್ನ ನೌಕರರ ಬಳಗಕ್ಕೆ ಬಂದಿತ್ತು. 1990ರ ದಶಕದಲ್ಲಿ ಅದು ಹಳೆಯ ರಿವರ್ಬ್ ಪೆಟ್ಟಿಗೆಯನ್ನು 1963ರ ಮಾದರಿಯಲ್ಲಿಯೇ ಮತ್ತೆ ತಯಾರಿಸಿ ಮಾರಿತು. ಅದೇ ವಾಲ್ವು, ಅದೇ ಸ್ಪ್ರಿಂಗ್, ಮುಂಬದಿಯಲ್ಲಿ ಅವೇ ಮೂರು ಗುಂಡಿಗಳು.